ತಿಳಿವು ಬದಲಾದಾಗ

ಶಿಕಾರಿಪುರ, ಸೊರಬ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿಯಿತೆಂದರೆ ಜನ ಕಾಡಿನ ಕಡೆ ಮುಖ ಮಾಡುತ್ತಾರೆ. ಒಲೆಗೆ ಸೌದೆ ಬೇಕು, ಕೊಟ್ಟಿಗೆಗೆ ದರಕು ಬೇಕು, ದನ ಮೇಯಬೇಕು. 1957ರ ಮೊದಲ ತಿಂಗಳುಗಳಲ್ಲಿ ಹೀಗೆ ಕಾಡಿಗೆ ಹೋದವರ ಕಣ್ಣಿಗೆ ಸತ್ತ ಮುಸಿಯಗಳು, ಸತ್ತ ಮಂಗಗಳು ಬೀಳತೊಡಗಿದವು. ಅದೇ ಕಾಡಿಗೆ ಹೋಗಿಬಂದವರು ಇದ್ದಕ್ಕಿದ್ದಂತೆ ಜ್ವರ ಬಂದು ಮಲಗಿದರು. ಸಿಡಿಯುವ ತಲೆನೋವು, ತಾಳಲಾರದ ಮೈಕೈ ನೋವು, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ಕೆಲವರು ಮತ್ತೆ ಏಳಲಿಲ್ಲ. ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ನಂಟಿದೆ ಎಂಬ ಗುಮಾನಿಗೆ ಯಾವ ಪ್ರಯೋಗಾಲಯವೂ ಬೇಕಿರಲಿಲ್ಲ. ಕಾಡಿನ ದಾರಿ ತುಳಿದವರ ಕಣ್ಣೇ ಸಾಕಾಗಿತ್ತು.

ಆ ಗುಮಾನಿ ವಿಜ್ಞಾನವಾಗುವ ದಾರಿಯಲ್ಲಿ ಎಷ್ಟು ಸಲ ತಿರುಗಿತು ಎಂಬುದನ್ನು ಈ ಬೆಳಿಗ್ಗೆ ನೆನೆಯೋಣ.

ಮೊದಲು ಈ ಕಾಯಿಲೆಯನ್ನು ವಿಷಮಶೀತ ಜ್ವರದ ಜಾತಿಯದೆಂದು ಎಣಿಸಿದರು. ಆಗಿನ ದಿನಗಳಲ್ಲಿ ದೀರ್ಘ ಜ್ವರವೆಂದರೆ ಮೊದಲು ನೆನಪಾಗುತ್ತಿದ್ದದ್ದು ಅದೇ. ಆದರೆ ವಿಷಮಶೀತಕ್ಕೆ ಮಂಗಗಳು ಸಾಯುವುದಿಲ್ಲ. ಮಂಗಗಳ ಸಾವಿನ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿದಾಗ ಅಲ್ಲಿನವರಿಗೆ ಬೇರೊಂದು ಭಯ ಹುಟ್ಟಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಲುಸಾಲಾಗಿ ಸಾಯುವುದು ಹಳದಿ ಜ್ವರ ಬಂದಾಗ. ಏಷ್ಯಾದಲ್ಲಿ ಎಂದೂ ಕಾಣದ ಆ ರೋಗ ಮಲೆನಾಡಿಗೆ ಕಾಲಿಟ್ಟಿತೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕೆಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಆ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಇಲ್ಲಿಗೆ ಧಾವಿಸಿ ಬಂದರು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಮಂಗನಿಂದ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಚಳಿಕಾಡುಗಳಲ್ಲಿ ಮಿದುಳಿನ ಉರಿಯೂತ ತರುವ ವೈರಸ್ಸಿನ ಕುಲಕ್ಕೆ ಸೇರಿತ್ತು. ಹರಡುತ್ತಿದ್ದುದು ಸೊಳ್ಳೆಯಲ್ಲ, ದನಕಾಯುವ ಹುಡುಗರು ದಿನವೂ ಕಾಲಿನಿಂದ ಕಿತ್ತೆಸೆಯುತ್ತಿದ್ದ ಉಣುಗು. ಕಾಡಿನ ಹೆಸರೇ ರೋಗದ ಹೆಸರಾಗಿ ಕ್ಯಾಸನೂರು ಲೋಕದ ವೈದ್ಯಗ್ರಂಥಗಳನ್ನು ಸೇರಿತು.

ಒಂದು ಪ್ರಶ್ನೆ ಬಗೆಹರಿಯಿತು, ಇನ್ನೊಂದು ಎದ್ದಿತು. ಹಿಮದ ನಾಡಿನ ಕುಲದ ವೈರಸ್ ಮಲೆನಾಡಿಗೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳೊಡನೆ ಬಂದಿರಬಹುದು ಎಂಬ ಊಹೆಗೆ ಬಲ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ವಲಸೆಯ ದಾರಿ ಹುಡುಕುವ ದೊಡ್ಡ ಕೆಲಸಕ್ಕೆ ಇಳಿದರು. ರೋಗ ಹಕ್ಕಿಗಳಿಂದಲೇ ಬಂತೆಂಬುದು ಸಾಬೀತಾಗಲಿಲ್ಲ. ಆದರೆ ನಮ್ಮ ದೇಶದ ವಲಸೆ ಹಕ್ಕಿಗಳ ಬಗ್ಗೆ ಇಂದು ನಮಗಿರುವ ತಿಳಿವಳಿಕೆಯಲ್ಲಿ ಆ ಹುಡುಕಾಟದ ಪಾಲು ದೊಡ್ಡದು. ಸತ್ಯಕ್ಕೆ ಮುಟ್ಟದ ಊಹೆಯೂ ಶ್ರದ್ಧೆಯಿಂದ ಬೆನ್ನುಹತ್ತಿದರೆ ಬರಿಗೈಲಿ ಕಳಿಸುವುದಿಲ್ಲ.

ಆಮೇಲೆ ಪ್ರಶ್ನೆಯೇ ಬದಲಾಯಿತು. ವೈರಸ್ ಎಲ್ಲಿಂದ ಬಂತು ಎಂದು ಕೇಳುವುದಕ್ಕಿಂತ, ಇಲ್ಲಿಯೇ ಇಲಿ, ಮೂಗಿಲಿ, ಉಣುಗುಗಳ ನಡುವೆ ಸದ್ದಿಲ್ಲದೆ ಇದ್ದದ್ದು ಈಗ ಏಕೆ ಮೇಲೆದ್ದಿತು ಎಂದು ಕೇಳಿದವರಿದ್ದರು. ಕೊಲಂಬಿಯಾದ ಕಾಡುಗಳಲ್ಲಿ ಹಳದಿ ಜ್ವರವನ್ನು ಅಭ್ಯಾಸಮಾಡಿ ಇಲ್ಲಿಗೆ ಬಂದ ಹೋರ್ಹೆ ಬೊಶೆಲ್ ಅವರಲ್ಲೊಬ್ಬರು. 1969ರಲ್ಲಿ ಅವರು ಬರೆದ ಲೇಖನ ಕಾಡಿಗೂ ಊರಿಗೂ ಇರುವ ಸಂಬಂಧದ ಕಡೆ ಬೆರಳು ತೋರಿತು. ಜನ ಹೆಚ್ಚಿದರು, ಕಾಡು ಕಡಿದು ಗದ್ದೆಯಾಯಿತು, ದನಗಳು ಕಾಡಿನಂಚಿನಲ್ಲಿ ಮೇಯತೊಡಗಿದವು. ಬೆಳೆದ ಉಣುಗಿಗೆ ದನದ ರಕ್ತ ಧಾರಾಳವಾಗಿ ಸಿಕ್ಕಿತು, ಅದರ ಸಂತತಿ ಹೆಚ್ಚಿತು. ದನ ಈ ವೈರಸ್ಸನ್ನು ಹರಡುವುದಿಲ್ಲ, ಆದರೆ ಉಣುಗನ್ನು ಸಾಕುತ್ತದೆ. ಸೋಂಕು ತಗಲಿದ ಮಂಗ ಸತ್ತು ಮೈ ತಣ್ಣಗಾದಾಗ ಉಣುಗುಗಳು ಕೆಳಗುದುರಿ, ಸುತ್ತಲ ನೆಲವೆಲ್ಲ ರೋಗದ ನೆಲೆಯಾಗುತ್ತದೆ. ಬೇಸಿಗೆಗೆ ಮುಂಚಿನ ತಿಂಗಳುಗಳಲ್ಲಿ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಉಣುಗುಮರಿಗಳು ತರಗೆಲೆಯ ಮೇಲೆ ಕಾದಿರುತ್ತವೆ. ಸೌದೆಗೆ, ದರಕಿಗೆ ಜನ ಹೋಗುವುದೂ ಆಗಲೇ. ಹೊರಗಿನಿಂದ ಬಂದ ಶತ್ರುವಿನ ಕತೆ ಹೀಗೆ ನಮ್ಮ ಬದುಕಿನ ರೀತಿಯ ಕತೆಯಾಯಿತು. ಮುಂದೆ ಸೌದಿ ಅರೇಬಿಯಾದಲ್ಲಿ ಇದಕ್ಕೆ ತೀರ ಹತ್ತಿರದ ಅಲ್‌ಖುರ್ಮಾ ವೈರಸ್ ಕಂಡುಬಂದಾಗ, ರಷ್ಯಾದ ಕಡೆಗೇ ನೋಡುತ್ತಿದ್ದ ದೃಷ್ಟಿ ಇನ್ನಷ್ಟು ಅಗಲವಾಯಿತು.

ತಿಳಿವಿನಂತೆ ವಿಧಾನವೂ ಬದಲಾಯಿತು. ಆರಂಭದಲ್ಲಿ ರಷ್ಯಾದ ರೋಗಕ್ಕೆ ಮಾಡಿದ ಲಸಿಕೆಯನ್ನೇ ಇಲ್ಲಿನ ಜನರಿಗೆ ಕೊಟ್ಟು ನೋಡಿದರು, ಅದು ಕಾಪಾಡಲಿಲ್ಲ. ಕ್ಯಾಸನೂರಿನ ವೈರಸ್ಸಿನಿಂದಲೇ ಲಸಿಕೆ ತಯಾರಾಗಿ 1990ರ ದಶಕದಿಂದ ಮಲೆನಾಡಿನ ಹಳ್ಳಿಗಳಿಗೆ ಬಂತು. ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಮತ್ತೊಮ್ಮೆ, ಅನಂತರ ವರ್ಷ ವರ್ಷವೂ ಚುಚ್ಚಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗ ತುಂಬ ನೋಯುತ್ತಿತ್ತು. 2005ರಿಂದ 2010ರವರೆಗಿನ ಲೆಕ್ಕ ನೋಡಿದಾಗ ಎರಡು ಸಲ ಹಾಕಿಸಿಕೊಂಡವರಿಗೆ ಸುಮಾರು ಶೇ 62ರಷ್ಟು, ಆಮೇಲಿನದನ್ನೂ ಹಾಕಿಸಿಕೊಂಡವರಿಗೆ ಶೇ 83ರಷ್ಟು ರಕ್ಷಣೆ ಕಂಡಿತು. ಮುಂದಿನ ವರ್ಷಗಳಲ್ಲಿ ತೀರ್ಥಹಳ್ಳಿ ಕಡೆ ಲಸಿಕೆ ಹಾಕಿಸಿಕೊಂಡವರಿಗೂ ರೋಗ ಬಂತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸಾವುಗಳನ್ನು ಕಂಡಿತು. 2022ರಲ್ಲಿ ಆ ಲಸಿಕೆಯ ಬಳಕೆ ನಿಂತಿತು.

ಇಲ್ಲಿ ಮನಸ್ಸು ನಿಲ್ಲುತ್ತದೆ. ವಿಜ್ಞಾನಿಗಳ ಬಳಗದಲ್ಲಿ ಈ ತಿರುವುಗಳೆಲ್ಲ ಗೌರವದ ಸಂಗತಿಗಳು. ನಿನ್ನೆಯ ತೀರ್ಮಾನವನ್ನು ಇವತ್ತಿನ ಪುರಾವೆಯ ಮುಂದೆ ಒರೆಗೆ ಹಚ್ಚಿ, ಸಾಲದಿದ್ದರೆ ಕೈಬಿಡುವುದು ಅವರ ಧರ್ಮ. ಆದರೆ ಪ್ರತಿ ವರ್ಷ ತೋಳು ಒಡ್ಡಿದ ತಾಯಿಗೆ, ಎರಡು ದಿನದ ಕೂಲಿ ಬಿಟ್ಟು ನೋವು ನುಂಗಿದ ಕಾರ್ಮಿಕನಿಗೆ, ಒಂದು ದಿನ ಲಸಿಕೆ ಇಲ್ಲ ಎಂಬ ಸುದ್ದಿಯಷ್ಟೇ ತಲುಪಿದರೆ ಅದು ತಿದ್ದುಪಡಿಯಾಗಿ ಕಾಣುವುದಿಲ್ಲ; ಇಷ್ಟು ದಿನ ನಮ್ಮನ್ನು ನಂಬಿಸಿದರು ಎಂದೇ ಕಾಣುತ್ತದೆ. ಬದಲಾವಣೆ ಎರಡೂ ಕಡೆ ಒಂದೇ. ಒಂದು ಕಡೆಯವರ ಬಳಿ ಕಾರಣವಿದೆ, ಇನ್ನೊಂದು ಕಡೆಯವರಿಗೆ ಬರೀ ತೀರ್ಮಾನ ಸಿಕ್ಕಿದೆ.

ಆದ್ದರಿಂದ ನನಗೆ ಅನ್ನಿಸುವುದು ಇಷ್ಟು: ತಿಳಿವನ್ನು ಹಂಚುವಾಗ ಅದರ ಕಾರಣವನ್ನೂ ಹಂಚಬೇಕು. ಕಾಡಿಗೆ ಹೋಗುವ ಮುಂಚೆ ಎಣ್ಣೆ ಹಚ್ಚಿಕೊಳ್ಳಿ ಎಂದಷ್ಟೇ ಹೇಳಿದರೆ, ಎಣ್ಣೆ ಬದಲಾದ ದಿನ ಸಂಶಯ ಹುಟ್ಟುತ್ತದೆ. ಉಣುಗು ಮೈಗೆ ಹತ್ತದಿರಲಿ ಎಂದು ಹಚ್ಚುತ್ತೇವೆ ಎಂದು ಗೊತ್ತಿದ್ದವರು ಹಳೆಯ ಎಣ್ಣೆ ಹೋಗಿ ಡೆಪಾ ಎಂಬ ಹೊಸ ಎಣ್ಣೆ ಬಂದರೂ ಅದೇ ತಿಳಿವಿನಿಂದ ಸ್ವೀಕರಿಸುತ್ತಾರೆ, ಕಾಡಿನಿಂದ ಬಂದ ಕೂಡಲೇ ಬಿಸಿನೀರಲ್ಲಿ ಮೀಯುತ್ತಾರೆ, ಬಟ್ಟೆ ಬೇರೆ ಇಡುತ್ತಾರೆ. ಸತ್ತ ಮಂಗನನ್ನು ಮುಟ್ಟಬೇಡಿ ಎಂಬ ಆಜ್ಞೆಗಿಂತ, ಅದರ ಮೈಯಿಂದ ಉಣುಗು ಉದುರಿದೆ ಎಂಬ ವಿವರಣೆ ಹೆಚ್ಚು ದಿನ ಉಳಿಯುತ್ತದೆ. ಕಾರಣ ಬಲ್ಲವನು ಆಜ್ಞೆ ತಲುಪದ ಜಾಗದಲ್ಲೂ ಸರಿಯಾಗಿ ನಡೆಯಬಲ್ಲ.

ಇದು ಒಮ್ಮುಖದ ದಾರಿಯೂ ಅಲ್ಲ. ಸತ್ತ ಮಂಗನನ್ನು ಮೊದಲು ಕಾಣುವವರು ಇವತ್ತಿಗೂ ಕಾಡಿಗೆ ಹೋಗುವವರೇ. ಅವರು ಸುದ್ದಿ ಕೊಟ್ಟರೆ ಮಾತ್ರ ಆರೋಗ್ಯ ಇಲಾಖೆಯವರು ಬಂದು ಸುತ್ತಲಿನ ನೆಲಕ್ಕೆ ಔಷಧಿ ಹಾಕಬಹುದು. ಇತ್ತೀಚಿನ ಸಂಶೋಧಕರು ಅಪಾಯದ ನಕ್ಷೆಗಳನ್ನು ಮಾಡುವಾಗ ಸ್ಥಳೀಯ ಆರೋಗ್ಯ, ಪಶುವೈದ್ಯ, ಅರಣ್ಯ ಸಿಬ್ಬಂದಿಯನ್ನೂ ಕೂರಿಸಿಕೊಂಡು ಕೇಳಿ ಮಾಡುತ್ತಿದ್ದಾರೆ. 1957ರಲ್ಲಿ ಜನರ ಕಣ್ಣಿಂದ ಹೊರಟ ತಿಳಿವು ಲೋಕವೆಲ್ಲ ಸುತ್ತಿ ಮತ್ತೆ ಜನರ ಬಳಿ ಕೇಳಲು ಬಂದಿದೆ. ಇದು ಸಂತೋಷದ ವಿಷಯ.

ನಮ್ಮ ಮನೆಗಳಲ್ಲೂ ಇದನ್ನು ಆಚರಿಸಬಹುದು. ಮಗುವಿಗೆ ನಿನ್ನೆ ಹೇಳಿದ ಮಾತನ್ನು ಇವತ್ತು ಬದಲಿಸಬೇಕಾದರೆ ಏಕೆ ಎಂಬುದನ್ನೂ ಹೇಳೋಣ. ವೈದ್ಯರು ಔಷಧಿ ಬದಲಿಸಿದರೆ ಅನುಮಾನಪಡುವ ಮೊದಲು ಏಕೆ ಎಂದು ಕೇಳೋಣ. ಕ್ಯಾಸನೂರಿನ ರೋಗಕ್ಕೆ ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಶಿಕಾರಿಪುರ, ಸೊರಬ, ಸಾಗರದ ಹಳ್ಳಿಗಳಿಗೆ ಬರುವ ದಿನ ಸೂಜಿಗಿಂತ ಮೊದಲು ಮಾತು ಬರಲಿ: ಹಿಂದಿನದು ಏಕೆ ಸಾಲಲಿಲ್ಲ, ಇದು ಹೇಗೆ ಬೇರೆ, ಇದರ ಬಗ್ಗೆ ಇನ್ನೂ ತಿಳಿಯಬೇಕಾದ್ದು ಏನು. ಅಷ್ಟನ್ನು ಕೇಳಿ ತಿಳಿದ ಮೇಲೆ ತೋಳು ಒಡ್ಡುವವರು ಆ ವಿಜ್ಞಾನದ ಪಾಲುದಾರರೇ ಆಗಿರುತ್ತಾರೆ.