ಲಾಕ್ ಆದ ಮೇಲಿನ ಹೊತ್ತು

ಕ್ರಿಕೆಟ್ ಪಂದ್ಯದ ಕೊನೆಯ ಓವರಿನಲ್ಲಿ ನಮ್ಮ ಎದೆ ಹೊಡೆದುಕೊಳ್ಳುವುದಕ್ಕೂ ‘ಕೌನ್ ಬನೇಗಾ ಕರೋಡ್‌ಪತಿ’ಯ ಕೊನೆಯ ಪ್ರಶ್ನೆಗಳಲ್ಲಿ ಹೊಡೆದುಕೊಳ್ಳುವುದಕ್ಕೂ ಒಂದು ವ್ಯತ್ಯಾಸವಿದೆ. ಪಂದ್ಯದಲ್ಲಿ ಫಲಿತಾಂಶ ಇನ್ನೂ ಹುಟ್ಟಿರುವುದಿಲ್ಲ. ಬೌಲರನಿಗೆ ಗೊತ್ತಿಲ್ಲ, ಬ್ಯಾಟ್ಸ್‌ಮನ್‌ಗೆ ಗೊತ್ತಿಲ್ಲ, ಅಂಪೈರಿಗೂ ಗೊತ್ತಿಲ್ಲ. ಕಾಯುವುದು ಬಿಟ್ಟರೆ ಯಾರಿಗೂ ಬೇರೆ ದಾರಿಯಿಲ್ಲ. ಆದರೆ ಹಾಟ್ ಸೀಟಿನಲ್ಲಿ ಕೂತವನು ತನ್ನ ಉತ್ತರವನ್ನು ಲಾಕ್ ಮಾಡಿಸಿದ ಮರುಕ್ಷಣ ಅವನ ಫಲಿತಾಂಶ ತೀರ್ಮಾನವಾಗಿಬಿಟ್ಟಿರುತ್ತದೆ. ಯಾರಿಗಿಲ್ಲದಿದ್ದರೂ ಆ ‘ಕಂಪ್ಯೂಟರ್ ಜೀ’ಗಂತೂ ಗೊತ್ತಿರುತ್ತದೆ. ಆಮೇಲೆ ಬರುವ ಮೌನ, ತಗ್ಗುವ ದೀಪ, ಹೊಟ್ಟೆಯೊಳಗೆ ಗುಡುಗುವ ಸಂಗೀತ, ಅಮಿತಾಭ್ ಬಚ್ಚನ್ ಅವರ ಆ ದೀರ್ಘ ನೋಟ, ಇವೆಲ್ಲ ಗೊತ್ತಿರುವ ಸಂಗತಿಯೊಂದನ್ನು ಗೊತ್ತಾಗಬೇಕಾದವನಿಗೆ ಹೇಳದೆ ಇಟ್ಟುಕೊಳ್ಳುವ ಏರ್ಪಾಡು.

ಈ ಇಟ್ಟುಕೊಳ್ಳುವಿಕೆ ಸರಿಯೇ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ. ಟೀವಿ ಆಟದ ಬಗ್ಗೆ ಇಷ್ಟೊಂದು ಗಂಭೀರವಾಗುವುದು ಅತಿಯಾಯಿತು ಅನ್ನಿಸಬಹುದು. ಇರಲಿ, ಸ್ವಲ್ಪ ಹೊತ್ತು ಜೊತೆಗೆ ಬನ್ನಿ.

ಮೊದಲು ಅದರ ಕಸುಬನ್ನು ನೋಡೋಣ. 1998ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ನಮ್ಮ ಕೆಬಿಸಿಯ ಮೂಲ. ಅದಕ್ಕಿಂತ ಮುಂಚಿನ ಹಲವು ಕ್ವಿಜ್‌ಗಳು ವೇಗದ ಆಟಗಳು. ಬಜರ್ ಒತ್ತು, ಉತ್ತರ ಹೇಳು, ಮುಂದಕ್ಕೆ ಹೋಗು. ಇದು ಆಟವನ್ನು ನಿಧಾನ ಮಾಡಿತು. ಒಬ್ಬನನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿತು, ಬೆಳಕನ್ನು ಮೇಲಿನಿಂದ ಅವನ ಮುಖದ ಮೇಲೆ ಇಳಿಸಿತು. ಪ್ರಶ್ನೆಯಿಂದ ಪ್ರಶ್ನೆಗೆ ಹಿನ್ನೆಲೆ ಸಂಗೀತದ ಶ್ರುತಿ ಅರ್ಧ ಅರ್ಧ ಸ್ವರ ಏರುತ್ತ ಹೋಗುವಂತೆ ಮಾಡಿತು. ನಮಗದು ಗೊತ್ತೇ ಆಗುವುದಿಲ್ಲ, ಮೈಗೆ ಮಾತ್ರ ಗೊತ್ತಾಗುತ್ತದೆ. ಇನ್ನೊಂದನ್ನು ನೀವೂ ಗಮನಿಸಿರಬಹುದು. ಕೆಲವು ಸಾವಿರದ ಪ್ರಶ್ನೆಗಳಿಗೆ ‘ಸಹೀ ಜವಾಬ್’ ತಟ್ಟನೆ ಬರುತ್ತದೆ. ಲಕ್ಷಕ್ಕೆ ಸ್ವಲ್ಪ ಕಾಯಬೇಕು. ಕೋಟಿಗೆ ಕಾಯುವುದೇ ಕಾಯುವುದು. ಹಣ ಏರಿದಂತೆ ಬಾಯಿ ತೆರೆಯಲು ಹಿಡಿಯುವ ಕಾಲವೂ ಏರುತ್ತದೆ.

2000ದ ಜುಲೈನಲ್ಲಿ ಕೆಬಿಸಿ ಶುರುವಾದಾಗ ಹಿಂದಿ ಸರಿಯಾಗಿ ಬಾರದ ನಮ್ಮೂರ ಮನೆಗಳಲ್ಲೂ ‘ಲಾಕ್ ಕಿಯಾ ಜಾಯ್’ ಎಂಬುದು ದಿನಬಳಕೆಯ ಮಾತಾಯಿತು. ಊಟಕ್ಕೆ ಅನ್ನವೋ ಮುದ್ದೆಯೋ ಎಂದು ಕೇಳುವಾಗಲೂ ಅದೇ. ಆಮೇಲೆ ಕೆಲಸಕ್ಕೆಂದು ಮುಂಬೈಗೆ ಬಂದು ಮೂರು ಜನ ಒಂದು ಕೋಣೆ ಹಂಚಿಕೊಂಡಿದ್ದಾಗ, ಹುಬ್ಬಳ್ಳಿಯ ಗೆಳೆಯನೊಬ್ಬ ಈ ಕಾರ್ಯಕ್ರಮ ನೋಡುತ್ತ ಕುದಿಯುತ್ತಿದ್ದ. ಯಾರೋ ಸಣ್ಣ ಊರಿನ ಮೇಷ್ಟ್ರು, ಬೆವರಿದ ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿದ್ದಾರೆ, ಅಷ್ಟರಲ್ಲಿ ಜಾಹೀರಾತು. “ಲೇ, ಹೇಳಿಬಿಡ್ರಲೇ ಆ ಮನಶ್ಯಾಗ! ಎಷ್ಟೊತ್ತು ಜೀವಾ ತಿಂತೀರಿ?” ಎಂದು ಟೀವಿಗೆ ಬೈಯುತ್ತಿದ್ದ. ಬೈದು, ಚಾನೆಲ್ ಬದಲಿಸದೆ ಕೂತಿರುತ್ತಿದ್ದ. ಅವನ ಬೈಗುಳದಲ್ಲೂ ನ್ಯಾಯವಿತ್ತು, ಕೂತಿದ್ದರಲ್ಲೂ ಏನೋ ಇತ್ತು.

ನಾವು ನೋಡಲು ಕೂರುವುದು ಉತ್ತರಕ್ಕಾಗಿ ಅಲ್ಲ. ಉತ್ತರ ಬೇಕಿದ್ದರೆ ಗೂಗಲ್ ಇದೆ. ಗೊತ್ತಿಲ್ಲದ ಸ್ಥಿತಿಯಲ್ಲಿರುವ ಒಂದು ಮುಖವನ್ನು ನೋಡಲು ಕೂರುತ್ತೇವೆ. ಇದು ನನ್ನ ಊಹೆಯಷ್ಟೇ ಅಲ್ಲ ಎನ್ನುವುದಕ್ಕೆ ಅಮೆರಿಕದ ಹಳೆಯ ಕತೆಯೊಂದಿದೆ. 1956ರಲ್ಲಿ ಎನ್‌ಬಿಸಿಯಲ್ಲಿ ‘ಟ್ವೆಂಟಿ ಒನ್’ ಎಂಬ ಕ್ವಿಜ್ ಶುರುವಾಯಿತು. ಸ್ಪರ್ಧಿಗಳನ್ನು ಗಾಜಿನ ಗೂಡುಗಳೊಳಗೆ ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಪ್ರಶ್ನೆ ಕೇಳುತ್ತಿದ್ದರು. ನ್ಯೂಯಾರ್ಕಿನ ಹರ್ಬರ್ಟ್ ಸ್ಟೆಂಪೆಲ್ ಎಂಬಾತ ವಾರವಾರವೂ ಗೆದ್ದ. ಅವನಿಗೆ ಪ್ರಶ್ನೆ, ಉತ್ತರ ಎರಡನ್ನೂ ನಿರ್ಮಾಪಕರು ಮೊದಲೇ ಕೊಡುತ್ತಿದ್ದರು ಎಂಬುದು ಆಮೇಲೆ ಬಯಲಾಯಿತು. ಕೊಟ್ಟದ್ದು ಉತ್ತರವನ್ನಷ್ಟೇ ಅಲ್ಲ. ಎಲ್ಲಿ ತಡವರಿಸಬೇಕು, ಎಲ್ಲಿ ಉಸಿರು ಬಿಗಿಹಿಡಿಯಬೇಕು ಎಂಬುದನ್ನೂ ಹೇಳಿಕೊಟ್ಟಿದ್ದರು. ಹಣೆಯ ಬೆವರನ್ನು ಒರೆಸಿಕೊಳ್ಳಬಾರದು, ಕರವಸ್ತ್ರದಿಂದ ಮೆಲ್ಲಗೆ ಒತ್ತಿಕೊಳ್ಳಬೇಕು ಎಂಬ ಪಾಠವೂ ಆಗಿತ್ತು. ಬೆವರು ಸರಿಯಾಗಿ ಬರಲೆಂದು ಗೂಡಿನ ಏಸಿಯನ್ನೇ ಆರಿಸುತ್ತಿದ್ದರು. ಕೊನೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ, ನೋಡಲು ಚೆಂದವಿದ್ದ ಚಾರ್ಲ್ಸ್ ವ್ಯಾನ್ ಡೋರೆನ್‌ಗೆ ಅವನು ಸೋಲಬೇಕು ಎಂದು ಅಪ್ಪಣೆಯಾಯಿತು. 1955ರ ಅತ್ಯುತ್ತಮ ಚಿತ್ರದ ಆಸ್ಕರ್ ಯಾವುದಕ್ಕೆ ಬಂತು ಎಂಬ ಪ್ರಶ್ನೆಗೆ ತಪ್ಪು ಹೇಳಬೇಕು. ಉತ್ತರ ‘ಮಾರ್ಟಿ’. ಅದು ಸ್ಟೆಂಪೆಲ್‌ನ ಮೆಚ್ಚಿನ ಸಿನಿಮಾ. ಲಕ್ಷಾಂತರ ಜನರೆದುರು ಅವನು ‘ಆನ್ ದ ವಾಟರ್‌ಫ್ರಂಟ್’ ಎಂದ.

1959ರ ನವೆಂಬರಿನಲ್ಲಿ ವ್ಯಾನ್ ಡೋರೆನ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ತಾನೂ ಈ ಮೋಸದಲ್ಲಿ ಪಾಲುಗೊಂಡಿದ್ದೆ ಎಂದು ಒಪ್ಪಿಕೊಂಡ. ದೇಶಕ್ಕೆ ದೇಶವೇ ಸಿಟ್ಟಾಯಿತು. ಮರುವರ್ಷ ಇಂಥ ಮೋಸವನ್ನು ಅಪರಾಧವಾಗಿಸುವ ಕಾನೂನೂ ಬಂತು. 1994ರಲ್ಲಿ ರಾಬರ್ಟ್ ರೆಡ್‌ಫರ್ಡ್ ಇದನ್ನು ‘ಕ್ವಿಜ್ ಶೋ’ ಎಂಬ ಸಿನಿಮಾ ಮಾಡಿದ್ದರಿಂದ ನಿಮ್ಮಲ್ಲಿ ಕೆಲವರಿಗೆ ಕತೆ ಗೊತ್ತಿರಬಹುದು.

ಜನರಿಗೆ ಸಿಟ್ಟು ಬಂದದ್ದು ಯಾಕೆ? ಒಬ್ಬ ಮನುಷ್ಯನನ್ನು ಗಾಜಿನೊಳಗೆ ನಿಲ್ಲಿಸಿ ಬೆವರಿಳಿಸಿದರೆಂದು ಅಲ್ಲ. ಆ ಬೆವರು ಸುಳ್ಳಾಗಿತ್ತೆಂದು. ನಾವು ಕಂಡ ಸಂಕಟ ನಿಜವಾದ ಸಂಕಟ ಅಲ್ಲವಂತೆ, ನಮಗೆ ಟೋಪಿ ಹಾಕಿದರು ಎಂದು. ಕಾನೂನು ರಕ್ಷಿಸಿದ್ದು ಪ್ರೇಕ್ಷಕನನ್ನು. ಮುಂದೆ ಬಂದ ಆಟಗಳು ಈ ಪಾಠವನ್ನು ಚೆನ್ನಾಗಿ ಕಲಿತವು. ಏಸಿ ಆರಿಸುವ ಅಗತ್ಯವಿಲ್ಲ. ಉತ್ತರ ಮುಚ್ಚಿಟ್ಟು, ಹೇಳುವುದನ್ನು ತಡಮಾಡಿದರೆ ಸಾಕು, ಬೆವರು ತಾನಾಗಿ ಬರುತ್ತದೆ. ಅದೂ ಅಸಲಿ.

ಹಾಗೆಂದು ತಡಮಾಡುವುದೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷದ ಪ್ರವೇಶವನ್ನು ನೆನೆಸಿಕೊಳ್ಳಿ. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಚೆಂಡೆ ಏರುತ್ತದೆ. ತೆರೆಯ ಮೇಲೆ ಕಿರೀಟದ ತುದಿ ಕಾಣಿಸಿ ಮರೆಯಾಗುತ್ತದೆ, ಮತ್ತೆ ಕಾಣಿಸುತ್ತದೆ. ಮಕ್ಕಳು ಅಮ್ಮನ ಸೆರಗಿಗೆ ಅಂಟಿಕೊಳ್ಳುತ್ತಾರೆ. ಎಷ್ಟು ಹೊತ್ತು ಆಡಿಸಿದರೂ ಅಲ್ಲಿ ಯಾರಿಗೂ ಅನ್ಯಾಯವಿಲ್ಲ. ಬರುವವನು ರಾವಣ ಎಂದು ಊರಿಗೆಲ್ಲ ಗೊತ್ತು, ರಾವಣನಿಗೂ ಗೊತ್ತು. ತೆರೆಯ ಆಚೆ ಯಾರ ಬದುಕೂ ತೂಗಾಡುತ್ತಿರುವುದಿಲ್ಲ. ಅಲ್ಲಿಯ ತಡ ಕಲೆಯ ತಡ.

ಕೆಬಿಸಿಯಲ್ಲೂ ಒಂದು ನ್ಯಾಯವಾದ ತಡವಿದೆ. ಅದು ಲಾಕ್‌ಗೆ ಮುಂಚಿನದು. ಆ ಹೊತ್ತಿನಲ್ಲಿ ಸ್ಪರ್ಧಿಗೆ ಮಾಡಲು ಕೆಲಸವಿದೆ. ಯೋಚಿಸಬಹುದು, ಸಭಿಕರನ್ನು ಕೇಳಬಹುದು, ಸಾಕು ಎಂದು ಗೆದ್ದದ್ದನ್ನು ಹಿಡಿದು ಎದ್ದುಬಿಡಬಹುದು. ‘ಇನ್ನೊಮ್ಮೆ ಯೋಚಿಸಿ’ ಎಂದು ನಿರೂಪಕರು ತಡೆದರೆ ಆ ತಡ ಸ್ಪರ್ಧಿಗೆ ಸಿಕ್ಕ ಕಾಲಾವಕಾಶ. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಬಂದಾಗ ಪುನೀತ್ ರಾಜ್‌ಕುಮಾರ್ ಈ ಹೊತ್ತನ್ನು ಬಳಸುತ್ತಿದ್ದ ರೀತಿ ನನಗೆ ಇಷ್ಟವಾಗುತ್ತಿತ್ತು. ಎದುರಿಗೆ ಕೂತವರ ಮನೆ, ಮಕ್ಕಳ ಬಗ್ಗೆ ವಿಚಾರಿಸುತ್ತ, ನಗಿಸುತ್ತ, ಅವರ ಕೈನಡುಕ ನಿಲ್ಲುವವರೆಗೆ ಮಾತಾಡಿಸುತ್ತಿದ್ದರು. ಹೊರರಾಜ್ಯದಲ್ಲಿ ಕೂತು ನೋಡುತ್ತಿದ್ದ ನಮಗೆ ಅದು ಊರಿನ ಜಗಲಿಯ ಹಾಗೆ ಕಾಣುತ್ತಿತ್ತು.

ಲಾಕ್ ಆದ ಮೇಲೆ ಮಾತ್ರ ಸ್ಪರ್ಧಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಅಲ್ಲಿಂದ ಮುಂದಿನ ಒಂದೊಂದು ಸೆಕೆಂಡೂ ನಮ್ಮದು, ಅವರದ್ದಲ್ಲ. ನನಗೆ ಗೆರೆ ಕಾಣುವುದು ಇಲ್ಲಿ. ‘ಬಿಗ್ ಬಾಸ್’ ಕನ್ನಡದ ಕೊನೆಯ ದಿನ ವೇದಿಕೆಯ ಮೇಲೆ ಸುದೀಪ್ ಇಬ್ಬರ ಕೈ ಹಿಡಿದು ನಿಂತಿರುತ್ತಾರಲ್ಲ, ಆಗ ಆ ಇಬ್ಬರಿಗೂ ಮಾಡಲು ಏನಿದೆ? ಮತಗಳು ಬಿದ್ದಾಗಿವೆ, ಎಣಿಕೆ ಮುಗಿದಿದೆ. ಒಂದು ಕೈ ಮೇಲಕ್ಕೇರುತ್ತದೆ. ಇನ್ನೊಬ್ಬರಿಗೆ ಸೋತೆ ಎಂದು ಬಾಯಿಬಿಟ್ಟು ಹೇಳುವವರೂ ಇರುವುದಿಲ್ಲ. ತನ್ನ ಕೈ ಏಳದ್ದರಿಂದ ಅವರು ಅದನ್ನು ತಿಳಿದುಕೊಳ್ಳಬೇಕು, ತಿಳಿದ ಅದೇ ಕ್ಷಣ ನಗಲೂ ಬೇಕು.

ಒಪ್ಪಿಗೆಯಿಂದಲೇ ಹೋದವರಲ್ಲವೇ ಎಂದು ನೀವು ಕೇಳಬಹುದು. ಹೌದು. ಆ ಕುರ್ಚಿಗಾಗಿ ವರ್ಷಗಟ್ಟಲೆ ಪ್ರಯತ್ನಿಸಿದವರಿದ್ದಾರೆ, ಅಲ್ಲಿ ಕಳೆದ ಆ ನಿಮಿಷಗಳನ್ನು ಸಾಯುವವರೆಗೂ ಹೆಮ್ಮೆಯಿಂದ ಹೇಳಿಕೊಳ್ಳುವವರಿದ್ದಾರೆ. ಜೀವಮಾನದಲ್ಲಿ ಯಾರೂ ತಿರುಗಿ ನೋಡದ ಮನುಷ್ಯನನ್ನು ಒಂದು ದೇಶ ಉಸಿರು ಬಿಗಿಹಿಡಿದು ನೋಡುವುದು ಸಣ್ಣ ಸಂಗತಿಯಲ್ಲ. ಅದು ಗೌರವವೂ ಹೌದು. ಈ ವಾದವನ್ನು ಪೂರ್ತಿ ತಳ್ಳಿಹಾಕಲು ನನಗೆ ಆಗಿಲ್ಲ. ಆದರೆ ಒಪ್ಪಿಗೆ ಕೊಟ್ಟವನು ಯಾವುದಕ್ಕೆ ಕೊಟ್ಟ ಎಂಬುದನ್ನೂ ನೋಡಬೇಕು. ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ 2011ರಲ್ಲಿ ಕೆಬಿಸಿಯಲ್ಲಿ 5 ಕೋಟಿ ಗೆದ್ದರು. ಉದ್ಯೋಗ ಖಾತರಿ ಯೋಜನೆಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದವರು. ಗೆದ್ದ ನಂತರದ ದಿನಗಳೇ ತಮ್ಮ ಬದುಕಿನ ಅತ್ಯಂತ ಕೆಟ್ಟ ಕಾಲವಾಗಿದ್ದವೆಂದು 2020ರಲ್ಲಿ ಅವರೇ ಬರೆದುಕೊಂಡರು. ಹಣೆಬರಹ ಬದಲಾಗುವ ಕ್ಷಣವನ್ನು ನಾವು ಅಷ್ಟು ಹಿಗ್ಗಿಸಿ ನೋಡಿದೆವು. ಬದಲಾದ ಹಣೆಬರಹವನ್ನು ನೋಡಲು ನಾವ್ಯಾರೂ ಅಲ್ಲಿರಲಿಲ್ಲ.

ನನಗೆ ಅನ್ನಿಸುವುದು ಹೀಗೆ. ತನ್ನ ಬದುಕಿನ ಒಂದು ಸುದ್ದಿಯನ್ನು ಮನುಷ್ಯ ಮೊಟ್ಟಮೊದಲು ತಿಳಿಯುವ ಕ್ಷಣ ಅವನದೇ ಆಸ್ತಿ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಗುವ ಮೊದಲು ಬೆಳಿಗ್ಗೆ ಚಹಾದಂಗಡಿಯಲ್ಲಿ ಪೇಪರ್ ಹಿಡಿದು ನಂಬರ್ ನೋಡುವವರು ಇರುತ್ತಿದ್ದರು. ಲಾಟರಿ ಎಷ್ಟೋ ಮನೆ ಮುರಿಯಿತು, ಅದರ ಪರ ಮಾತಾಡುವ ಆಸೆ ನನಗಿಲ್ಲ. ಆದರೆ ಪೇಪರಿನಲ್ಲಿ ಮುಖ ಹುದುಗಿಸಿ, ಬೆರಳಿನಿಂದ ಅಂಕಿ ಸವರುತ್ತ ಬಂದು, ಕೊನೆಯ ಅಂಕಿ ತಪ್ಪಿದಾಗ ಆ ಮನುಷ್ಯ ಚೀಟಿಯನ್ನು ಮಡಿಚಿ ಜೇಬಿಗಿಟ್ಟು ಚಹಾ ಕುಡಿದು ಎದ್ದು ಹೋಗುತ್ತಿದ್ದ. ಅವನ ಸೋಲು ಅವನಿಗಷ್ಟೇ ಗೊತ್ತಾಗುತ್ತಿತ್ತು.

ಈ ಆಸ್ತಿ ಈಗ ಟೀವಿಯಲ್ಲಷ್ಟೇ ಬಿಕರಿಯಾಗುತ್ತಿಲ್ಲ. ಆಫೀಸಿನ ಟೌನ್‌ಹಾಲ್ ಮೀಟಿಂಗಿನಲ್ಲಿ ಪ್ರಶಸ್ತಿ ಘೋಷಿಸುವಾಗ ನಾಮನಿರ್ದೇಶನಗೊಂಡ ಐವರನ್ನೂ ವೇದಿಕೆಗೆ ಕರೆದು ಡ್ರಮ್ಮಿನ ಸದ್ದು ಹಾಕುವುದನ್ನು ನಿಮ್ಮಲ್ಲಿ ಬಹಳ ಜನ ಕಂಡಿರುತ್ತೀರಿ. ಲಕೋಟೆ ಬೆಳಿಗ್ಗೆಯಿಂದ ಮ್ಯಾನೇಜರ್ ಕೈಯಲ್ಲೇ ಇರುತ್ತದೆ.

ಊರು ಬಿಟ್ಟು ಬಂದ ನಮಗೆ ಇದರ ವಿರುದ್ಧ ದಿಕ್ಕಿನ ಒಂದು ಮರ್ಯಾದೆ ಗೊತ್ತಿದೆ. ಹೊತ್ತಲ್ಲದ ಹೊತ್ತಿನಲ್ಲಿ ಮನೆಯಿಂದ ಫೋನ್ ಬಂದರೆ ಆ ಕಡೆಯವರು ‘ಹಲೋ’ಗಿಂತ ಮುಂಚೆ ಹೇಳುವ ಮಾತು: “ಗಾಬರಿ ಆಗ್ಬೇಡ, ಎಲ್ಲಾರೂ ಆರಾಮಾಗಿದೀವಿ.” ಆಮೇಲೆ ವಿಷಯ. ಅದು ಪಕ್ಕದ ಮನೆಯವರ ಗೃಹಪ್ರವೇಶದ್ದಿರಬಹುದು, ಗ್ಯಾಸ್ ಬುಕ್ ಮಾಡಲು ಓಟಿಪಿ ಕೇಳುವುದಿರಬಹುದು. ಯಾರೂ ಇದನ್ನು ಅವರಿಗೆ ಕಲಿಸಿಲ್ಲ. ರಿಂಗ್ ಆಗುವಷ್ಟು ಹೊತ್ತಿನಲ್ಲಿ ದೂರದಲ್ಲಿರುವವನ ತಲೆಯಲ್ಲಿ ಏನೇನು ಓಡಿರುತ್ತದೆ ಎಂಬುದು ಅವರಿಗೆ ಗೊತ್ತು, ಅಷ್ಟೇ.

ಕೆಲವು ವರ್ಷಗಳ ಹಿಂದೆ ಅಪ್ಪನನ್ನು ಪುಣೆಗೆ ಕರೆತಂದು ಗಂಟಲಿನ ಗಂಟಿನ ಬಯಾಪ್ಸಿ ಮಾಡಿಸಿದ್ದೆವು. ರಿಪೋರ್ಟ್ ಬರುವ ದಿನ ಆಸ್ಪತ್ರೆಯ ಉದ್ದನೆಯ ಕಾರಿಡಾರಿನ ಈ ತುದಿಯ ಬೆಂಚಿನ ಮೇಲೆ ನಾನೂ ಅಪ್ಪನೂ ಕೂತಿದ್ದೆವು. ಆ ತುದಿಯ ಬಾಗಿಲಿನಿಂದ ಡಾಕ್ಟರಮ್ಮ ಹೊರಬಂದರು. ನಮ್ಮ ಹತ್ತಿರ ಬಂದು, ಕೋಣೆಗೆ ಕರೆದು, ಕೂರಿಸಿ, ಫೈಲ್ ತೆಗೆದು ಹೇಳಬಹುದಿತ್ತು. ಅವರು ಅಲ್ಲಿಂದಲೇ, ನಡೆಯುತ್ತಿದ್ದ ಹಾಗೆಯೇ, ಫೈಲ್ ಹಿಡಿದ ಕೈಯನ್ನು ಮೇಲೆತ್ತಿ ಅಡ್ಡಡ್ಡ ಆಡಿಸಿದರು. ಏನಿಲ್ಲ, ಏನಿಲ್ಲ. ಅಪ್ಪನಿಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು. ಅವರು ನಮ್ಮನ್ನು ಮುಟ್ಟುವಷ್ಟರಲ್ಲಿ ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಳ್ಳುತ್ತಿದ್ದರು.