ಎಂಜಿನ್ ಬದಲಾದ ಜೀಪು: ಅವಯವ ಮತ್ತು ಅವಯವಿಯನ್ನು ಕುರಿತ ಸಂವಾದ

ಹಾಸನ ಜಿಲ್ಲೆಯಲ್ಲಿ ಪಶ್ಚಿಮಕ್ಕೆ ಬೇಲೂರಿನ ಕಾಫಿ ತೋಟಗಳೂ ಪೂರ್ವಕ್ಕೆ ಅರಸೀಕೆರೆಯ ತೆಂಗಿನ ಬಯಲೂ ಇದ್ದು, ಇವೆರಡರ ನಡುವೆ ಹಳೇಬೀಡು ಇದೆ. ತೋಟದ ಕೆಸರುಹಾದಿಗಳಲ್ಲಿ ದಶಕಗಳ ಕಾಲ ದುಡಿದ ವಾಹನಗಳಲ್ಲಿ, ಅಮೆರಿಕದ ವಿಲ್ಲೀಸ್ ಕಂಪನಿಯ ಪರವಾನಗಿಯ ಮೇಲೆ ಮಹೀಂದ್ರ ಸಂಸ್ಥೆ ತಯಾರಿಸಿದ ಸಿಜೆ-3ಬಿ ಮಾದರಿಯ ಜೀಪು ಮುಖ್ಯವಾದುದು. ಅಂತಹ ಒಂದು ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವ ಪ್ರಸಂಗವನ್ನು ಆಧರಿಸಿದ ಈ ಸಂವಾದದಲ್ಲಿ ಮಾತನಾಡುವ ಇಬ್ಬರೂ ಕಲ್ಪಿತ ವ್ಯಕ್ತಿಗಳು: ಒಬ್ಬರು ಬೇಲೂರಿನ ನಿವೃತ್ತ ತರ್ಕಶಾಸ್ತ್ರ ಅಧ್ಯಾಪಕರು, ಇನ್ನೊಬ್ಬರು ಅರಸೀಕೆರೆಯ ಗ್ಯಾರೇಜೊಂದರ ಮೇಸ್ತ್ರಿ.

ಅಧ್ಯಾಪಕ: ಮೇಸ್ತ್ರಿಗಳೇ, ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ ಮೇಲೆ ಉಳಿಯುವುದು ಅದೇ ಜೀಪೋ ಅಥವಾ ಅದರ ಹೆಸರನ್ನು ಹೊತ್ತ ಇನ್ನೊಂದೋ ಎಂಬುದು ಮೊದಲು ತೀರ್ಮಾನವಾಗಬೇಕು. ನ್ಯಾಯ-ವೈಶೇಷಿಕ ದರ್ಶನದವರು ಬಿಡಿಭಾಗವನ್ನು ಅವಯವವೆಂದೂ ಬಿಡಿಭಾಗಗಳಿಂದ ಹುಟ್ಟಿದ ಇಡಿಯ ವಸ್ತುವನ್ನು ಅವಯವಿಯೆಂದೂ ಕರೆದು, ಅವಯವಿಯು ಅವಯವಗಳ ಬರಿಯ ಗುಂಪಲ್ಲ, ಬೇರೆಯದೇ ಒಂದು ವಸ್ತು ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಒಂದು ಅವಯವ ಕಳಚಿದರೂ ಹಳೆಯ ಅವಯವಿ ನಾಶವಾಗಿ ಹೊಸದೊಂದು ಹುಟ್ಟುತ್ತದೆ; ಹಾಗಿದ್ದರೆ ಎಂಜಿನ್ ಇಳಿಸಿದ ಕ್ಷಣವೇ ಹಳೆಯ ಜೀಪು ಇಲ್ಲವಾಯಿತು.

ಮೇಸ್ತ್ರಿ: ಆ ಲೆಕ್ಕವನ್ನು ಒಪ್ಪಿದರೆ ಒಂದು ನಟ್ಟು ಬದಲಿಸಿದರೂ ಜೀಪು ಸತ್ತಂತೆಯೇ, ಮೇಷ್ಟ್ರೇ. ಅದಕ್ಕೂ ಮೊದಲು ಈ ಜೀಪಿನ ಬಾನೆಟ್ ಇಷ್ಟು ಎತ್ತರ ಯಾಕಿದೆ ಎಂಬುದನ್ನು ನೋಡಬೇಕು. ಇದಕ್ಕೂ ಹಿಂದಿನ ಸಿಜೆ-3ಎ ಮಾದರಿಯಲ್ಲಿ ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇದ್ದು ಎಂಜಿನ್ ಕುಳ್ಳಾಗಿತ್ತು. 1953ರಲ್ಲಿ ಬಂದ ಈ ಸಿಜೆ-3ಬಿ ಮಾದರಿಗೆ ವಿಲ್ಲೀಸ್ ಕಂಪನಿ 2199 ಸಿಸಿಯ ಹರಿಕೇನ್ ಎಂಜಿನ್ನನ್ನು ಕೂರಿಸಿತು. ಅದು ಎಫ್-ಹೆಡ್ ರಚನೆಯದು, ಅಂದರೆ ಒಳಬರುವ ವಾಲ್ವು ಮೇಲಿನ ಹೆಡ್ಡಿನಲ್ಲಿಯೂ ಹೊಗೆ ಬಿಡುವ ವಾಲ್ವು ಕೆಳಗಿನ ಬ್ಲಾಕಿನಲ್ಲಿಯೂ ಇರುವಂಥದು. ಎತ್ತರವಾದ ಆ ಎಂಜಿನ್ ಹಳೆಯ ಬಾನೆಟ್ಟಿನಡಿ ಹಿಡಿಸದ ಕಾರಣ ಬಾನೆಟ್ಟನ್ನೇ ಎತ್ತರಿಸಿದರು. ಇಂದು ಜನ ಅಸಲು ಎಂದು ಮೆಚ್ಚುವ ಆಕಾರವೇ ಒಂದು ಎಂಜಿನ್ ಬದಲಾವಣೆಯಿಂದ ಹುಟ್ಟಿದ್ದು.

ಅಧ್ಯಾಪಕ: ಆದರೆ ಅದು ತಯಾರಕರೇ ಮಾಡಿದ ಬದಲಾವಣೆ, ಗ್ಯಾರೇಜಿನಲ್ಲಿ ನಡೆದದ್ದಲ್ಲ.

ಮೇಸ್ತ್ರಿ: ತಯಾರಕರು ಡೀಸೆಲನ್ನೂ ಬಿಡಲಿಲ್ಲ. ಮಹೀಂದ್ರ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ 1963ರಲ್ಲಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದವು. ಆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಮುಂದೆ ಜೀಪಿನೊಳಗೂ ಬಂದಿತು, ಅದಾದ ಮೇಲೆ ಫ್ರಾನ್ಸಿನ ಪ್ಯೂಜೋ ಕಂಪನಿಯ ಪರವಾನಗಿಯ 2112 ಸಿಸಿ ಎಂಜಿನ್ ಬಂದಿತು. ಗ್ಯಾರೇಜಿನವರು ನಡೆದದ್ದು ಅದೇ ದಾರಿಯಲ್ಲಿ.

ಅಧ್ಯಾಪಕ: ಹಾಗಾದರೆ ಬೌದ್ಧರ 'ಮಿಲಿಂದಪ್ರಶ್ನ'ದಲ್ಲಿ ಭಿಕ್ಷು ನಾಗಸೇನನು ಮಿಲಿಂದ ರಾಜನಿಗೆ ತೋರಿಸಿಕೊಟ್ಟ ನಿಲುವಿಗೆ ಈ ಮಾತು ಹತ್ತಿರವಾಗುತ್ತದೆ. ಚಕ್ರವೂ ರಥವಲ್ಲ, ಅಚ್ಚೂ ರಥವಲ್ಲ, ಇವುಗಳ ಹೊರಗೆ ರಥವೆಂಬುದು ಬೇರೆ ಇಲ್ಲ, ಭಾಗಗಳ ಕೂಡಿಕೆಗೆ ವ್ಯವಹಾರಕ್ಕಾಗಿ ಇಟ್ಟ ಹೆಸರಷ್ಟೇ ರಥ ಎಂಬುದು ಆ ನಿಲುವು. ಜೀಪು ಎಂಬುದೂ ಬರಿಯ ಹೆಸರೇ ಆದರೆ ಯಾವ ಎಂಜಿನ್ ಕೂರಿಸಿದರೂ ನಡೆದೀತು.

ಮೇಸ್ತ್ರಿ: ಹೆಸರಿಗೆ ನಡೆದೀತು, ರಸ್ತೆಯಲ್ಲಿ ನಡೆಯದು. ಪೆಟ್ರೋಲ್ ಎಂಜಿನ್ ಗಾಳಿ-ಇಂಧನದ ಮಿಶ್ರಣವನ್ನು ಮೂಲ ಗಾತ್ರದ ಸುಮಾರು ಏಳನೆಯ ಒಂದು ಪಾಲಿಗೆ ಒತ್ತಿ ಕಿಡಿಯಿಂದ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ ಬರಿಯ ಗಾಳಿಯನ್ನು ಹದಿನೆಂಟನೆಯ ಒಂದು ಪಾಲಿಗೋ ಅದಕ್ಕಿಂತ ಕಡಿಮೆಗೋ ಒತ್ತಿ, ಆ ಕಾವಿನಲ್ಲೇ ಡೀಸೆಲ್ ಸಿಂಪಡಿಸಿ ಹೊತ್ತಿಸುತ್ತದೆ. ಆ ಒತ್ತಡ ತಡೆಯಲು ಬ್ಲಾಕು ದಪ್ಪವಾಗಿರುತ್ತದೆ, ಅದರ ಭಾರಕ್ಕೆ ಮುಂದಿನ ಲೀಫ್ ಸ್ಪ್ರಿಂಗ್ ಕುಸಿಯುತ್ತದೆ, ಅದರ ನಡುಕಕ್ಕೆ ಮೌಂಟಿಂಗ್ ರಬ್ಬರು ಹರಿಯುತ್ತದೆ. ಹೊಸ ಎಂಜಿನ್ನನ್ನು ಹಳೆಯ ಗೇರ್‌ಬಾಕ್ಸಿಗೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಕೂದಲೆಳೆಯಷ್ಟು ಓರೆಯಾದರೂ ಗೇರ್‌ಬಾಕ್ಸಿನ ಶಾಫ್ಟು ಫ್ಲೈವ್ಹೀಲಿನ ನಡುವಿಗೆ ನೇರ ಕೂರದೆ ಬೇರಿಂಗು ಹಾಳಾಗುತ್ತದೆ.

ಅಧ್ಯಾಪಕ: ಇವೆಲ್ಲ ಜೋಡಣೆಯ ತೊಡಕುಗಳು, ಕೈ ಪಳಗಿದವರು ನೀಗಿಸಿಯಾರು. ಪಳಗಿದ ಕೈಯೂ ದಾಟಲಾಗದ ಮಿತಿ ಏನಾದರೂ ಇದೆಯೇ?

ಮೇಸ್ತ್ರಿ: ಇದೆ, ಅದು ವೇಗದ ಲೆಕ್ಕದಲ್ಲಿದೆ. ಈ ಜೀಪಿನ ಕ್ರೌನ್-ಪಿನಿಯನ್ ಅನುಪಾತ 5.38, ಅಂದರೆ ಪ್ರೊಪೆಲರ್ ಶಾಫ್ಟು 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಚಕ್ರದ ಒಂದು ಸುತ್ತಿಗೆ ಜೀಪು ಸುಮಾರು 2.2 ಮೀಟರ್ ಸಾಗುತ್ತದೆ. ಹರಿಕೇನ್ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಬಲ್ಲದಾದ್ದರಿಂದ ಟಾಪ್ ಗೇರಿನಲ್ಲಿ ಗಂಟೆಗೆ ಸುಮಾರು 98 ಕಿ.ಮೀ. ಲೆಕ್ಕ ಬರುತ್ತದೆ, 2000 ಸುತ್ತಿಗೇ ನಿಲ್ಲುವ ಟ್ರ್ಯಾಕ್ಟರ್ ಎಂಜಿನ್ ಕೂರಿಸಿದರೆ ಅದು 49 ಕಿ.ಮೀ.ಗೆ ಇಳಿಯುತ್ತದೆ. ಅನುಪಾತವನ್ನು 4.27ಕ್ಕೆ ತಂದರೆ 62 ಕಿ.ಮೀ. ಸಿಗುತ್ತದೆ, ಆದರೆ ಏರಿನಲ್ಲಿ ಭಾರ ಎಳೆಯುವ ಬಲ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಅದೂ ಅಲ್ಲದೆ ಹಿಂದಿನ ಆಕ್ಸಲ್ಲಿನ ಅನುಪಾತ ಬದಲಿಸಿದವರು ಮುಂದಿನದನ್ನೂ ಬದಲಿಸಲೇಬೇಕು. ಇಲ್ಲವಾದರೆ ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟಾಗ ಮುಂದಿನವೂ ಹಿಂದಿನವೂ ಒಂದಕ್ಕೊಂದು ಜಗ್ಗಾಡಿ ಗೇರು ಮುರಿಯುತ್ತವೆ.

ಅಧ್ಯಾಪಕ: ಹಾಗಾದರೆ ಬರಿಯ ಹೆಸರೆಂಬ ವಾದವೂ ನಿಲ್ಲುವುದಿಲ್ಲ, ಏಕೆಂದರೆ ಎಂಜಿನ್ನಿಗೆ ಆಕ್ಸಲ್ಲಿನೊಡನೆಯೂ ಆಕ್ಸಲ್ಲಿಗೆ ತೋಟದ ಏರಿನೊಡನೆಯೂ ಇರುವ ಸಂಬಂಧ ಯಾರೋ ಇಟ್ಟ ಹೆಸರಲ್ಲ, ಹೆಸರನ್ನೇ ಪರೀಕ್ಷಿಸುವ ವಾಸ್ತವ. ಹಳೇಬೀಡಿನ ಬಸದಿಗಳ ಧರ್ಮವಾದ ಜೈನದ ನಿಲುವು ಇಲ್ಲಿ ಹೆಚ್ಚು ಹೊಂದುತ್ತದೆ. ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ'ದ ಪ್ರಕಾರ ಇರುವ ವಸ್ತುವಿನಲ್ಲಿ ಉತ್ಪಾದ, ವ್ಯಯ, ಧ್ರೌವ್ಯ, ಅಂದರೆ ಹೊಸತು ಹುಟ್ಟುವುದು, ಹಳತು ಅಳಿಯುವುದು, ಯಾವುದೋ ಒಂದು ನೆಲೆನಿಲ್ಲುವುದು, ಈ ಮೂರೂ ಒಟ್ಟಿಗೇ ಇರುತ್ತವೆ. ಹಾಗಿರುವಾಗ ಜೀಪು ಬದಲಾಯಿತೇ ಎಂದು ಕೇಳುವುದಕ್ಕಿಂತ ಅದರಲ್ಲಿ ನೆಲೆನಿಂತದ್ದು ಯಾವುದು ಎಂದು ಕೇಳುವುದು ಸರಿ.

ಮೇಸ್ತ್ರಿ: ಕಾನೂನು ಅದಕ್ಕೆ ಚಾಸಿ ಎಂದು ಉತ್ತರ ಕೊಟ್ಟಂತಿದೆ. ಆರ್.ಸಿ. ಪುಸ್ತಕದಲ್ಲಿ ಎಂಜಿನ್ ನಂಬರೂ ಚಾಸಿ ನಂಬರೂ ಎರಡೂ ಇದ್ದರೂ, ಎಂಜಿನ್ ಬದಲಾದದ್ದನ್ನು ಅದೇ ವಾಹನದ ದಾಖಲೆಯಲ್ಲಿ ತಿದ್ದಲು ದಾರಿ ಇದೆ. ಗ್ಯಾರೇಜಿನ ಕಸುಬಿಗೂ ಅದೇ ನಿಯಮ ಸಲ್ಲುತ್ತದೆ: ಬೋಲ್ಟು ಹಾಕಿ ಕೂರಿಸಿದ್ದನ್ನು ಮತ್ತೆ ಬಿಚ್ಚಬಹುದು, ಜಾಗ ಸಾಲದೆಂದು ಚಾಸಿಯ ಅಡ್ಡಪಟ್ಟಿ ಕತ್ತರಿಸಿದರೆ ಹಿಂದಿರುಗುವ ದಾರಿ ಮುಚ್ಚುತ್ತದೆ.

ಅಧ್ಯಾಪಕ: ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇದೇ ವಿವೇಕ ಕಾಣುತ್ತದೆ. 1117ರಲ್ಲಿ ಬಳಪದ ಕಲ್ಲಿನಲ್ಲಿ ಕಟ್ಟಿದ ಆ ಗುಡಿಯ ಮೇಲ್ಭಾಗದ ಭಾರ ಹೊರಲು ವಿಜಯನಗರದ ಕಾಲದಲ್ಲಿ ಕಣಶಿಲೆಯ ಕಂಬಗಳನ್ನು ಒಳಗೆ ನಿಲ್ಲಿಸಿದರು. 1879ರಲ್ಲಿ ಗರ್ಭಗುಡಿಯನ್ನು ಉಳಿಸಲು ಶಿಖರವನ್ನೇ ಕಳಚಿದರು. ಕಣಶಿಲೆಯ ಕಂಬ ಹೊಯ್ಸಳರ ಕಂಬದಂತೆ ನಟಿಸದೆ ತಾನು ನಂತರ ಬಂದದ್ದೆಂದು ನೋಡಿದವರಿಗೆಲ್ಲ ತಿಳಿಸುತ್ತದೆ. ಸ್ಮಾರಕಗಳ ಸಂರಕ್ಷಣೆಗೆ ಸಂಬಂಧಿಸಿದ 1964ರ ವೆನಿಸ್ ಸನ್ನದು ಹೇಳುವುದೂ ಇಷ್ಟೇ: ಬದಲಿಗೆ ಕೂರಿಸಿದ ಭಾಗ ಇಡಿಯೊಡನೆ ಹೊಂದಬೇಕು, ಮೂಲದಿಂದ ಬೇರೆಯೆಂದು ಗುರುತಿಗೂ ಸಿಗಬೇಕು.

ಮೇಸ್ತ್ರಿ: ಆದರೆ ಎಲ್ಲ ಜೀಪಿಗೂ ಒಂದೇ ನ್ಯಾಯ ಹೊಂದುವುದಿಲ್ಲ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ವ್ಯಾಖ್ಯೆಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದು, ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಟಿಲ್ಲದೆ ಮೂಲ ರೂಪದಲ್ಲಿರುವ ವಾಹನವೇ ವಿಂಟೇಜ್. ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತೋಟದ ಗೊಬ್ಬರ ಹೊರಬೇಕಾದ ಜೀಪು ಒಂದು, ಪ್ರದರ್ಶನಕ್ಕೆ ನಿಲ್ಲುವ ಜೀಪು ಇನ್ನೊಂದು. ಜೀಪಿನ ಯಜಮಾನರು ಮೊದಲು ಆರಿಸಿಕೊಳ್ಳಬೇಕಾದದ್ದು ಎಂಜಿನ್ನನ್ನಲ್ಲ, ಇವೆರಡರಲ್ಲಿ ಒಂದನ್ನು.

ಅಧ್ಯಾಪಕ: ಬೌದ್ಧ ತಾರ್ಕಿಕ ಧರ್ಮಕೀರ್ತಿ ಅರ್ಥಕ್ರಿಯೆಯನ್ನು, ಅಂದರೆ ಫಲ ಕೊಡುವ ಸಾಮರ್ಥ್ಯವನ್ನು, ವಾಸ್ತವದ ಲಕ್ಷಣವೆಂದ. ದುಡಿಯುವ ಜೀಪಿನ ಮಟ್ಟಿಗೆ ನೆಲೆನಿಲ್ಲಬೇಕಾದದ್ದು ಆ ಸಾಮರ್ಥ್ಯ, ಸ್ಮಾರಕವಾದ ಜೀಪಿನ ಮಟ್ಟಿಗೆ ನೆಲೆನಿಲ್ಲಬೇಕಾದದ್ದು ಅದರ ಮೂಲ ದ್ರವ್ಯ. ಎಂಜಿನ್ ಬದಲಿಸಿದ ಜೀಪನ್ನು ಅಸಲಿ ಎಂದು ಮಾರುವವನು ಮಾತ್ರ ಎರಡು ಕಡೆಯಲ್ಲೂ ತಪ್ಪುತ್ತಾನೆ. ಬದಲಾವಣೆ ದೋಷವಲ್ಲ, ಬದಲಾವಣೆಯನ್ನು ಮರೆಮಾಚುವುದು ದೋಷ.

ಮೇಸ್ತ್ರಿ: ಹಾಗಿದ್ದರೆ ಕೆಲಸಕ್ಕೆ ಮೊದಲು ಕಾಗದ ಆಗಬೇಕು, ಮೇಷ್ಟ್ರೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್.ಸಿ. ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನೇ ಎತ್ತಿ ಹೇಳಿದೆ. ಹಾಸನದ ಆರ್.ಟಿ.ಒ. ಕಚೇರಿಯ ಲಿಖಿತ ಅನುಮತಿ ಬಂದ ಮೇಲೆ ಡೀಸೆಲ್ ಎಂಜಿನ್ ಕೂರಿಸೋಣ, ಚಾಸಿಗೆ ಗರಗಸ ಹಾಕುವುದು ಬೇಡ, ಇಳಿಸಿದ ಹರಿಕೇನ್ ಎಂಜಿನ್ನನ್ನು ಯಜಮಾನರು ಗುಜರಿಗೆ ಕೊಡದೆ ಎಣ್ಣೆ ಹಚ್ಚಿ ತೋಟದಲ್ಲೇ ಇಟ್ಟುಕೊಳ್ಳಲಿ. ಅನುಮತಿ ಸಿಗದಿದ್ದರೆ ಹರಿಕೇನ್ ಎಂಜಿನ್ನಿಗೇ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ ಓಡಿಸುವುದೇ ಸರಿ.