ಮಗನ ಟೈ, ಅಪ್ಪನ ಟವಲ್

ಟೈ ಅನ್ನೋ ಬಟ್ಟೆಯಿಂದ ಏನು ಉಪಯೋಗ? ಪಂಚೆ ಮೈ ಮುಚ್ಚುತ್ತದೆ. ರುಮಾಲು ಬಿಸಿಲು ತಡೆಯುತ್ತದೆ. ಹೆಗಲ ಮೇಲಿನ ಟವಲ್ ಬೆವರು ಒರೆಸುತ್ತದೆ, ಬುತ್ತಿ ಕಟ್ಟಲಿಕ್ಕೆ ಬರುತ್ತದೆ, ಮಧ್ಯಾಹ್ನ ಬೇವಿನ ಗಿಡದ ನೆರಳಿಗೆ ಹಾಸಿಗೆಯೂ ಆಗುತ್ತದೆ. ಟೈ ಇದ್ಯಾವುದನ್ನೂ ಮಾಡುವುದಿಲ್ಲ. ಆದರೂ ಮುನ್ನೂರು ವರ್ಷಕ್ಕೂ ಮೇಲ್ಪಟ್ಟು ಮಂದಿ ಅದನ್ನು ಬಿಟ್ಟಿಲ್ಲ. ಈಗ ಅದು ನಮ್ಮ ಮಕ್ಕಳ ಕೊರಳಿಗೂ ಬಂದಿದೆ. ಇದು ಸರಿಯೋ ತಪ್ಪೋ ಎಂದು ಕೇಳಿಕೊಳ್ಳುವ ಮೊದಲು, ಅದು ಬಂದ ದಾರಿಯನ್ನು ಸ್ವಲ್ಪ ನೋಡೋಣ.

17ನೇ ಶತಮಾನದಲ್ಲಿ ಕ್ರೊಯೇಷಿಯಾ ದೇಶದ ಸಿಪಾಯಿಗಳು ಕೊರಳಿಗೆ ವಸ್ತ್ರ ಸುತ್ತಿಕೊಂಡು ಫ್ರಾನ್ಸಿಗೆ ಬಂದರು. ಅಲ್ಲಿನ ಅರಮನೆಯವರಿಗೆ ಅದು ಚಂದ ಕಂಡಿತು. ಸಿಪಾಯಿಯ ವಸ್ತ್ರ ರಾಜನ ಅಲಂಕಾರವಾಯಿತು. 1920ರ ದಶಕದಲ್ಲಿ ನ್ಯೂಯಾರ್ಕಿನ ಲ್ಯಾಂಗ್ಸ್‌ಡಾರ್ಫ್ ಎಂಬ ದರ್ಜಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಮೂರು ತುಂಡು ಜೋಡಿಸಿ ಹೊಲಿದ. ಇಂದಿನ ಟೈ ಗಂಟು ಬಿಚ್ಚಿದ ಮೇಲೂ ಸುಕ್ಕಾಗದೆ ನೆಟ್ಟಗೆ ಇಳಿಯುವುದು ಆ ಓರೆ ಕತ್ತರಿಯಿಂದಲೇ. ಆಮೇಲೆ ಅಗಲ ಮಾತ್ರ ಬದಲಾಗುತ್ತಾ ಬಂತು. 1960ರ ಸುಮಾರಿಗೆ ಬೆರಳಗಲ, 1970ರ ದಶಕದಲ್ಲಿ ಅಂಗೈಯಗಲ, ಮತ್ತೆ ಸಣ್ಣದು. ಅಗಲ ಎಷ್ಟು ಬದಲಾದರೂ ಅದು ಹೇಳುವ ಮಾತು ಒಂದೇ: "ನಾನು ಮೈಮುರಿದು ದುಡಿಯುವವನಲ್ಲ, ಕುರ್ಚಿಯಲ್ಲಿ ಕೂತವನು."

ನಮ್ಮ ಆದೋನಿ ಕಡೆ ಟೈಗೆ ಇರುವ ಸೆಳೆತ ಈ ಮಾತಿನಲ್ಲೇ ಇದೆ. ಮಳೆ ನಂಬಿಕೊಂಡ ಸೀಮೆ ನಮ್ಮದು. ಹತ್ತಿ ಬಿಡಿಸಿ, ಮಳೆ ಕೈಕೊಟ್ಟ ವರ್ಷ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲಿಕ್ಕೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಮಂದಿ. "ನಮ್ಮದಂತೂ ಹಿಂಗ ಕಳೀತು, ಹುಡುಗ ಆಫೀಸಿನ್ಯಾಗ ಕುಂದರಲಿ" ಅಂತಾರೆ. ಕನ್ನಡ ಸಾಲಿ ಬಿಡಿಸಿ ವ್ಯಾನಿನಲ್ಲಿ ಕಳಿಸುವ ದಿನ ಮಗನ ಕೊರಳಲ್ಲಿ ಟೈ ನೋಡಿದರೆ ತಾಯಿಗೆ ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ನೋಡಿ ಓದಿದವರು ನಗುತ್ತಾರೆ. ನಗಬಾರದು ಎಂಬುದು ನನ್ನ ಮೊದಲ ಮಾತು.

ಯಾಕೆಂದರೆ ಬಟ್ಟೆಯ ಮರ್ಯಾದೆ ನಮಗೆ ಇಂಗ್ಲಿಷರಿಂದ ಬಂದದ್ದಲ್ಲ. ಅದೇ ಹೆಗಲ ಮೇಲಿನ ಟವಲನ್ನು ನೋಡಿರಿ. ಕೆಳಗಿನ ಜಾತಿಯವನು ಊರ ದೊಡ್ಡವರ ಮನೆ ಮುಂದೆ ಹಾಯುವಾಗ ಅದನ್ನು ಹೆಗಲಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಳ್ಳಬೇಕಿತ್ತು, ಚಪ್ಪಲಿ ಕೈಯಲ್ಲಿ ಹಿಡಿಯಬೇಕಿತ್ತು. ಆ ಒಂದು ಮೊಳ ಬಟ್ಟೆ ಹೆಗಲ ಮೇಲೆ ನಿಲ್ಲುವುದಕ್ಕೆ ಎಷ್ಟೋ ಮಂದಿ ಬೈಗುಳ, ಪೆಟ್ಟು ತಿಂದಿದ್ದಾರೆ. ಹಾಗಿರುವಾಗ "ಬಟ್ಟೆಯಲ್ಲಿ ಏನಿದೆ" ಎನ್ನುವುದು ಸುಲಭದ ವೇದಾಂತ. ಬಟ್ಟೆ ತೊಡಲು ಯಾವತ್ತೂ ಅಡ್ಡಿಯಿಲ್ಲದವನು ಮಾತ್ರ ಅದನ್ನು ಹೇಳಬಲ್ಲ.

ಇಬ್ಬರು ದೊಡ್ಡವರ ಉದಾಹರಣೆ ಎದುರಿಗಿದೆ. 1888ರಲ್ಲಿ ಲಂಡನ್ನಿಗೆ ಹೋದ ಗಾಂಧಿ ಟೈ ಕಟ್ಟುವುದನ್ನು ಕಲಿತರು. ದಿನಾ ಹತ್ತು ನಿಮಿಷ ಕನ್ನಡಿ ಮುಂದೆ ಅದನ್ನೇ ಸರಿಮಾಡಿಕೊಳ್ಳುತ್ತಾ ಕಳೆಯುತ್ತಿದ್ದುದಾಗಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದೇ ಗಾಂಧಿ 1921ರಲ್ಲಿ ಮಧುರೆಯಲ್ಲಿ ತುಂಡು ಪಂಚೆಗೆ ಇಳಿದರು. 1931ರಲ್ಲಿ ಚಕ್ರವರ್ತಿಯ ಅರಮನೆಗೂ ಹಾಗೇ ಹೋದರು. ಅಂಬೇಡ್ಕರ್ ಕೋಟು-ಟೈ ಬಿಡಲಿಲ್ಲ. 1927ರಲ್ಲಿ ಮಹಾಡದಲ್ಲಿ ದಲಿತ ಹೆಣ್ಣುಮಕ್ಕಳಿಗೆ, ಜಾತಿಯ ಗುರುತು ಹೇಳುವ ಉಡುಗೆ ಬಿಟ್ಟು ಮೇಲಿನವರಂತೆಯೇ ಸೀರೆ ಉಡಿರಿ ಎಂದರು. ಇಂದು ನಮ್ಮೂರುಗಳ ಸರ್ಕಲ್ಲಿನಲ್ಲಿ ನಿಂತ ಅವರ ಪ್ರತಿಮೆಗೂ ನೀಲಿ ಕೋಟು, ಟೈ ಇದೆ. ಇಬ್ಬರಲ್ಲಿ ಯಾರು ಸರಿ? ಇಬ್ಬರೂ ಸರಿ ಅಂತ ನನ್ನ ಎಣಿಕೆ. ಇದ್ದವನು ಬಿಟ್ಟರೆ ಅದು ತ್ಯಾಗ. ಯಾರಿಗೆ ತೊಡಬೇಡ ಎಂದಿದ್ದರೋ ಅವನು ತೊಟ್ಟರೆ ಅದು ಹಕ್ಕು. ಎರಡರಲ್ಲೂ ತೊಟ್ಟವನ ಸ್ವಂತ ನಿರ್ಧಾರವಿದೆ.

ಇಲ್ಲಿಗೆ ಬಂದರೆ ನಮ್ಮ ಮಕ್ಕಳ ಟೈ ಬೇರೆಯಾಗಿ ಕಾಣುತ್ತದೆ. ಅದರಲ್ಲಿ ಮಗುವಿನ ನಿರ್ಧಾರವಿಲ್ಲ, ಎಷ್ಟೋ ಸಲ ತಂದೆ-ತಾಯಿಯದೂ ಇಲ್ಲ. ಸಾಲಿಯವರು ಕೊಂಡುಕೋ ಎಂದರು, ಕೊಂಡರು. ಮರೆತು ಬಂದರೆ ದಂಡ, ಇಲ್ಲವೆ ಹೊರಗೆ ನಿಲ್ಲಿಸುವುದು. ಮಾರ್ಚಿಯಲ್ಲಿ ಒಪ್ಪತ್ತಿನ ಸಾಲಿ ಶುರುವಾಗುವಷ್ಟು ಬಿಸಿಲು ನಮ್ಮದು. ಆಗಲೂ ಕೊರಳ ಗುಂಡಿ ಬಿಚ್ಚುವಂತಿಲ್ಲ. ಬೇಸಿಗೆಯಲ್ಲಿ ತಾಲೂಕು ಕೋರ್ಟಿನ ವಕೀಲರಿಗೇ ಕರಿಕೋಟು ಕಡ್ಡಾಯವಲ್ಲ ಎಂದು ಅವರ ಪರಿಷತ್ತಿನ ನಿಯಮವಿದೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಾಣು ಹರಡುತ್ತದೆಂದು 2007ರಲ್ಲಿ ಡಾಕ್ಟರರಿಗೇ ಟೈ ಬಿಡಿ ಎಂದರು. ದೊಡ್ಡವರಿಗೆ ಇರುವ ಈ ರಿಯಾಯಿತಿ ಆರು ವರ್ಷದ ಕೂಸಿಗೆ ಯಾಕಿಲ್ಲ?

ಇನ್ನೊಂದು ಕೇಡು ಹೆಚ್ಚಿನದು. ಸಮವಸ್ತ್ರ ಬೇಕು ಎನ್ನುವುದು ಬಡವ-ಬಲ್ಲಿದ ಎಂಬ ಭೇದ ಕಾಣದಿರಲೆಂದು. 2020ರಿಂದ ನಮ್ಮ ಸರ್ಕಾರಿ ಸಾಲಿಗಳಿಗೂ ಬೂಟು, ಸಾಕ್ಸು, ಬೆಲ್ಟು ಬಂದವು, ಟೈ ಬರಲಿಲ್ಲ. ಈಗ ಒಂದೇ ಓಣಿಯ ಅಣ್ಣ-ತಮ್ಮರ ಮಕ್ಕಳಲ್ಲಿ ಟೈ ಇದ್ದವನು ಜಾಣ, ಇಲ್ಲದವನು ದಡ್ಡ ಎಂದು ಮಕ್ಕಳೇ ತೀರ್ಮಾನ ಮಾಡಿಕೊಂಡಿದ್ದಾರೆ. ಹೆಗಲ ಟವಲ್ ಇಳಿಸಿದ ಹಳೇ ರೋಗವೇ ಹೊಸ ಬಟ್ಟೆಯಲ್ಲಿ ಬಂದಂತಾಯಿತು.

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆ ಇದೆ, ನಿಜ. ಆ ಪರರು ಯಾರು ಎಂದು ಕೇಳುವುದನ್ನಾದರೂ ಮಗುವಿಗೆ ಕಲಿಸಬೇಕು. ಸಾಲಿಯ ಟೈಗೆ ಗಂಟೇ ಇಲ್ಲ. ಎಲಾಸ್ಟಿಕ್ ಎಳೆದು ಸಿಕ್ಕಿಸುವುದು. ಹತ್ತು ವರ್ಷ ತೊಟ್ಟ ಹುಡುಗನಿಗೂ ಕಟ್ಟಲು ಬರುವುದಿಲ್ಲ. ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟು: ಸಣ್ಣ ಮಕ್ಕಳ ಕೊರಳಿಂದ ಅದನ್ನು ತೆಗೆಸಿರಿ. ಹತ್ತನೇ ಕ್ಲಾಸಿನಲ್ಲಿ, ಕನ್ನಡ ಸಾಲಿ ಇರಲಿ ಕಾನ್ವೆಂಟಿರಲಿ, ಒಂದು ಶನಿವಾರ ಎಲ್ಲ ಹುಡುಗ-ಹುಡುಗಿಯರಿಗೂ ನಿಜವಾದ ಟೈ ಗಂಟು ಹಾಕುವುದನ್ನು ಕಲಿಸಿರಿ. ನಾಳೆ ಕೆಲಸದ ಸಂದರ್ಶನಕ್ಕೆ ಹೋದಾಗ ಅವರು ಅಂಜಬಾರದು. ಕಟ್ಟುವುದು ಗೊತ್ತಿದ್ದವನಿಗೆ ಬಿಚ್ಚುವುದೂ ಗೊತ್ತಿರುತ್ತದೆ.